‘ಸಹಾಯ’ಕ್ಕೆ ಕಾಲಂ ಇಲ್ಲ

ಮಗು ಊಟ ಮಾಡದಿದ್ದರೆ ಏನು ಮಾಡಬೇಕೆಂದು ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿ. ಅಮ್ಮಂದಿರಿಗೆ ಉದ್ದದ ಪಟ್ಟಿ ಸಿಗುತ್ತದೆ: ಕಬ್ಬಿಣಾಂಶ, ನಿದ್ದೆ, ಮೊಬೈಲು ತೋರಿಸದೆ ಉಣ್ಣಿಸುವುದು, ಕೊನೆಗೆ ‘ತಾಳ್ಮೆ ಕಳೆದುಕೊಳ್ಳಬೇಡಿ’. ಅಪ್ಪಂದಿರಿಗೆಂದು ಬರೆದದ್ದು ಬೇರೆ: ಹೆಂಡತಿಗೆ ಸಹಾಯ ಮಾಡಿ, ಭಾನುವಾರ ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋಗಿ.

ಪುಣೆಯಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವುದು ನನ್ನ ಕೆಲಸ. ನಮ್ಮ ಪ್ಲಾನಿನಲ್ಲಿ ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರಿರುತ್ತದೆ. ‘ಸಹಾಯ’ ಎಂಬ ಕಾಲಂ ಇರುವುದಿಲ್ಲ. ಮನೆಯಲ್ಲಿ ಆ ಪದ ಬಂತೆಂದರೆ, ಹೊಣೆ ಅಮ್ಮನ ಹೆಸರಿನಲ್ಲೇ ಉಳಿಯಿತೆಂದು ಅರ್ಥ. ಲಸಿಕೆ ಹಾಕಿಸಿಕೊಂಡು ಬರುವುದು ಅರ್ಧ ದಿನದ ಕೆಲಸ. 6, 10, 14ನೇ ವಾರ ಎಂದು ಲೆಕ್ಕ ಇಟ್ಟುಕೊಳ್ಳುವುದು ಮುಗಿಯದ ಕೆಲಸ.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಯವರ ಆರೈಕೆ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 134 ನಿಮಿಷ ಕೊಟ್ಟಿದ್ದರು, ಗಂಡಸರು 76. ನೆನಪಿಟ್ಟುಕೊಳ್ಳುವುದನ್ನು ಯಾವ ನಿಮಿಷಕ್ಕೆ ಹಚ್ಚುವುದು? ಕಾನೂನಿನ ದಾರಿಯೂ ಇದೇ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ತಾಯಿಗೆ 26 ವಾರ ರಜೆ ಕೊಟ್ಟಿತು. ಅಪ್ಪನಿಗೆ ಅದರಲ್ಲಿ ಒಂದು ದಿನವೂ ಇಲ್ಲ. 50 ಜನರಿರುವ ಕಚೇರಿಗೆ ಶಿಶುವಿಹಾರ ಬೇಕು ಎಂದಿತು. ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಅವಕಾಶ ಬರೆದದ್ದು ಮಾತ್ರ ಹೆಂಗಸಿಗೆ.

ಇದರಿಂದ ಗಂಡಸರಿಗೂ ನಷ್ಟವೇ. ಮಗನ ತರಗತಿಯ ವಾಟ್ಸಾಪ್ ಗುಂಪಿನ ಹೆಸರು ‘4 ಬಿ ಅಮ್ಮಂದಿರು’. ನನ್ನನ್ನೂ ಸೇರಿಸಿ ಎಂದು ನನ್ನ ಗಂಡ ಕೇಳಿದರೆ, “ವಹಿನಿ ಇದ್ದಾರಲ್ಲ” ಎಂಬ ಉತ್ತರ ಬಂತು. ಮೀಟಿಂಗಿನ ನಡುವೆ ಬಂದ ಸಂದೇಶಗಳನ್ನು ನಾನು ಅವರಿಗೆ ಕಳಿಸುತ್ತಿದ್ದೆ. ಸ್ವಂತ ಮಗನ ವಿಷಯದಲ್ಲಿ ಅವರು ನನ್ನಿಂದ ಕೆಲಸ ಹೇಳಿಸಿಕೊಳ್ಳುವವರಾಗಿದ್ದರು.

ಹೋದ ವರ್ಷ ನಾವು ಕೆಲಸವನ್ನಲ್ಲ, ಹೊಣೆಯನ್ನು ಹಂಚಿಕೊಂಡೆವು. ಶಾಲೆ, ಬಟ್ಟೆ ನನ್ನವು. ಲಸಿಕೆ, ಹಲ್ಲಿನ ಡಾಕ್ಟರು, ಗಣಿತ ಅವರವು; ನೆನಪಿಡುವುದೂ ಸೇರಿ. ಕ್ಲಿನಿಕ್ಕಿನಲ್ಲಿ ಅವರ ನಂಬರು ಬರೆಸಿದೆವು. ನನ್ನ ತಲೆಯಲ್ಲಿ ಖಾಲಿಯಾದ ಜಾಗ ಸಣ್ಣದೇನಲ್ಲ.

ಮೊನ್ನೆ ಧಾರವಾಡದಿಂದ ಅಮ್ಮ ಫೋನಿನಲ್ಲಿ, ಮೊಮ್ಮಗನ ಹಲ್ಲು ತೋರಿಸೋದು ಯಾವಾಗ ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

“ತಾಯಿ ಆಗಿ ಗೊತ್ತಿಲ್ಲಂದ್ರ ಹ್ಯಾಂಗವಾ?”

“ಅವರಪ್ಪಗ ಗೊತ್ತದ ಅಮ್ಮಾ, ಅವರಿಗೆ ಕೊಡ್ತೀನಿ,” ಎಂದು ಫೋನನ್ನು ಅವರ ಕೈಗಿತ್ತೆ.