ಮೈಲುತುತ್ತದ ಸರಿ ಮತ್ತು ಐದು ಸಂಪುಟ

ನಾವು ಹೈಸ್ಕೂಲಿನಲ್ಲಿದ್ದಾಗ ಸಂವಿಧಾನ ಹುಟ್ಟಿದ ಕಥೆ ಪೌರನೀತಿ ಪುಸ್ತಕದಲ್ಲಿ ಅರ್ಧ ಪುಟ ದಾಟುತ್ತಿರಲಿಲ್ಲ. 1946ರ ಡಿಸೆಂಬರ್ 9ರಂದು ಸಭೆ ಸೇರಿತು, ಅಂಬೇಡ್ಕರರು ಕರಡು ಸಮಿತಿಯ ಅಧ್ಯಕ್ಷರಾದರು, 1949ರ ನವೆಂಬರ್ 26ರಂದು ಅಂಗೀಕಾರವಾಯಿತು. ಇಷ್ಟು ಒಪ್ಪಿಸಿದರೆ ಪೂರ್ತಿ ಅಂಕ. ನಡುವಿನ ಸುಮಾರು ಮೂರು ವರ್ಷ ಅವರೆಲ್ಲ ಕೂತು ಏನು ಮಾತಾಡಿದರು ಎಂದು ಮೇಷ್ಟ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ನನ್ನ ಸೋದರಮಾವ ವಕೀಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ಬೇಸಿಗೆ ರಜೆಯಲ್ಲಿ ನನ್ನನ್ನು ಕರೆದೊಯ್ದು ಪಡಸಾಲೆಯ ಜಮಖಾನದ ಮೇಲೆ ಕೂರಿಸುತ್ತಿದ್ದರು. ತಿದ್ದುಪಡಿಯಾದಾಗ ಅಚ್ಚಾಗಿ ಬರುತ್ತಿದ್ದ ಚೀಟಿಗಳನ್ನು ಕತ್ತರಿಸಿ ಸಂವಿಧಾನದ ಪ್ರತಿಯಲ್ಲಿ ಅಂಟಿಸುವುದು ನನ್ನ ಕೆಲಸ. ಮಾವ ಇದ್ದಿಲೊಲೆಯ ಮೇಲೆ ಮೈದಾ ಸರಿ ಕಾಯಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಸರಿ ತೆಳುನೀಲಿಯಾಗುತ್ತಿತ್ತು, ಹುಳಿಬಂದ ಹಿಟ್ಟಿನ ಜೊತೆ ತಾಮ್ರದ ಘಾಟು ಬೆರೆತ ವಾಸನೆ ಸಂಜೆಯಾದರೂ ಬೆರಳು ಬಿಡುತ್ತಿರಲಿಲ್ಲ. ದಿನಕ್ಕೆ ನಾಲ್ಕಾಣೆ ಕೂಲಿ. ಆ ನಾಲ್ಕಾಣೆಯ ಗತ್ತಿನಲ್ಲಿ, ದೇಶದ ಕಾನೂನು ತಿದ್ದುತ್ತಿರುವವನು ನಾನೇ ಎಂದು ಗೆಳೆಯರಿಗೆ ಹೇಳಿಕೊಂಡು ತಿರುಗಿದೆ.

ವಕೀಲರ ಗಾಜಿನ ಬೀರುವಿನಲ್ಲಿ ಬಿ. ಶಿವರಾವ್ ಸಂಪಾದಿಸಿದ ‘ದಿ ಫ್ರೇಮಿಂಗ್ ಆಫ್ ಇಂಡಿಯಾಸ್ ಕಾನ್‌ಸ್ಟಿಟ್ಯೂಷನ್’ ಐದು ಸಂಪುಟಗಳಿದ್ದವು. ನಾನು ಕಾಲೇಜಿಗೆ ಸೇರಿದ ಮೇಲೆ ಅವರು ಬೀಗದಕೈ ಕೊಟ್ಟರು, ಆದರೆ ಪುಸ್ತಕ ಹೊಸ್ತಿಲು ದಾಟುವಂತಿರಲಿಲ್ಲ. ನುಸಿಗುಳಿಗೆಯ ವಾಸನೆಯಲ್ಲೇ ಓದಿದೆ. ಶಿವರಾವ್ ಮಂಗಳೂರಿನ ಬೆನಗಲ್ ಮನೆತನದವರು, ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು. ಅವರ ಅಣ್ಣ ಬಿ.ಎನ್. ರಾವ್ ಆ ಸಭೆಯ ಸಲಹೆಗಾರರು. ಅಣ್ಣ 1947ರ ಅಕ್ಟೋಬರ್‌ನಲ್ಲಿ ಸಿದ್ಧಮಾಡಿಕೊಟ್ಟ ಮೊದಲ ಕರಡಿನಲ್ಲಿ 243 ವಿಧಿಗಳು, 13 ಅನುಸೂಚಿಗಳು. 1948ರ ಫೆಬ್ರವರಿಯಲ್ಲಿ ಅಂಬೇಡ್ಕರರ ಸಮಿತಿ ಒಪ್ಪಿಸಿದ ಕರಡಿನಲ್ಲಿ 315 ವಿಧಿಗಳು, 8 ಅನುಸೂಚಿಗಳು. ಕೊನೆಗೆ ನಿಂತದ್ದು 395 ವಿಧಿ. ಒಂದೊಂದು ವಿಧಿಯ ಹಿಂದೆಯೂ ಟಿಪ್ಪಣಿ, ತಕರಾರು, ರಾಜಿ. ನಮ್ಮ ಪಠ್ಯದ ಅರ್ಧ ಪುಟ ಎಷ್ಟನ್ನು ನುಂಗಿಹಾಕಿತ್ತು ಎಂಬುದು ಆ ಪಡಸಾಲೆಯಲ್ಲಿ ತಿಳಿಯಿತು.

ಸಭೆಯ ಚರ್ಚೆಗಳ ಮೂಲ ಸಂಪುಟಗಳನ್ನು ಲೈಬ್ರರಿಯಲ್ಲಿ ತೆಗೆಸಿ ಓದಿದ್ದು ಆಮೇಲೆ. ಎಚ್.ವಿ. ಕಾಮತ್, ಅವರೂ ಮಂಗಳೂರಿನಲ್ಲಿ ಹುಟ್ಟಿದವರೇ, ಪೀಠಿಕೆ ದೇವರ ಹೆಸರಿನಿಂದ ಶುರುವಾಗಲಿ ಎಂದು ಪಟ್ಟು ಹಿಡಿದರು. ದೇವರನ್ನು ಮತಕ್ಕೆ ಹಾಕುವ ಮುಜುಗರ ನಮಗೆ ಬೇಡ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತರು ಬಿಡಲಿಲ್ಲ. ಪರವಾಗಿ 41, ವಿರೋಧವಾಗಿ 68. ಮನೆಗೆ ಬಂದು ಅಜ್ಜಿಗೆ ಹೇಳಿದೆ. ಸೋತರೂ ಯಾರೂ ಅವರನ್ನು ಸಭೆಯಿಂದ ಆಚೆ ಹಾಕಲಿಲ್ಲವಲ್ಲ, ಅದು ಒಳ್ಳೆಯ ಸಭೆ ಎಂದರು ಅಜ್ಜಿ. ಆ ಮಾತಿನಷ್ಟು ನೇರವಾದ ವಿಮರ್ಶೆಯನ್ನು ನಾನು ಆಮೇಲೆ ಯಾವ ದಪ್ಪ ಪುಸ್ತಕದಲ್ಲೂ ಓದಲಿಲ್ಲ.

ತುರ್ತುಪರಿಸ್ಥಿತಿಯ ಕಾಲದಲ್ಲಿ ಬೆಂಗಳೂರಿನ ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲಿ ಗ್ರಾನ್‌ವಿಲ್ ಆಸ್ಟಿನ್ ಸಿಕ್ಕರು. ಮಸಾಲೆದೋಸೆ ಒಂದು ರೂಪಾಯಿಯ ಆಸುಪಾಸಿನಲ್ಲಿದ್ದ ಆ ದಿನಗಳಲ್ಲಿ ಅಂಗಡಿಯವನು ಹದಿನೈದು ಹೇಳಿದ, ಹನ್ನೆರಡಕ್ಕೆ ಇಳಿಸಿದೆ. ಆ ಅಮೆರಿಕನ್ ವಿದ್ವಾಂಸ ಆಗಿನ್ನೂ ಬದುಕಿದ್ದ ಸದಸ್ಯರನ್ನು ಮಾತಾಡಿಸಿ 1966ರಲ್ಲಿ ಬರೆದ ಪುಸ್ತಕ ಅದು. ನೆಹರು, ಪಟೇಲ್, ಪ್ರಸಾದ್, ಆಜಾದ್ ತಂತಮ್ಮಲ್ಲಿ ಹೇಗೆ ಒಮ್ಮತಕ್ಕೆ ಬರುತ್ತಿದ್ದರು ಎಂಬುದನ್ನು ಕಥೆ ಹೇಳಿದಂತೆ ಹೇಳಿದ್ದ. ಕಾನೂನು ಓದದ ನನ್ನಂಥವರಿಗೆ ಬಾಗಿಲು ತೆರೆದದ್ದು ಆ ಪುಸ್ತಕ.

ಈಗ ಕಾಲ ಬೇರೆ. 2007ರಲ್ಲಿ ರಾಮಚಂದ್ರ ಗುಹಾ ಅವರ ‘ಇಂಡಿಯಾ ಆಫ್ಟರ್ ಗಾಂಧಿ’ ಬಂತು, 2014ರಲ್ಲಿ ಶ್ಯಾಮ್ ಬೆನಗಲ್ ‘ಸಂವಿಧಾನ್’ ಧಾರಾವಾಹಿಯನ್ನೇ ಮಾಡಿದರು. 2018ರಲ್ಲಿ ರೋಹಿತ್ ಡೇ ಕಟುಕರು, ತರಕಾರಿ ವ್ಯಾಪಾರಿಗಳು, ವೇಶ್ಯೆಯರು ಸಂವಿಧಾನ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ಬರೆದರು. ಸಭೆಯ ಮಹಿಳಾ ಸದಸ್ಯರ ಬಗ್ಗೆ ಅಚ್ಯುತ್ ಚೇತನ್ ಪುಸ್ತಕವನ್ನೇ ಮಾಡಿದ್ದಾರೆ. ಕಥೆ ನಾಲ್ಕು ಮಹನೀಯರ ಕೋಣೆಯಿಂದ ಬೀದಿಗೆ ಬಂದಿದೆ. ಹಳಬರಲ್ಲಿ ಕೆಲವರಿಗೆ ಇದು ಹಿಡಿಸದು. ನನಗೆ ಹಿಡಿಸಿತು.

ಆರ್ನಿಟ್ ಶಾನಿ ಮೊದಲ ಮತದಾರರ ಪಟ್ಟಿಯ ಬಗ್ಗೆ ಬರೆದ ಪುಸ್ತಕವನ್ನು ಮೊಮ್ಮಗಳು ತಂದುಕೊಟ್ಟಳು. ಎಷ್ಟೋ ಹೆಂಗಸರು ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಬರೆಸಿದ್ದರು. ಹಾಗೆ ಸುಮಾರು 28 ಲಕ್ಷ ಹೆಂಗಸರು 1951-52ರ ಚುನಾವಣೆಯ ಪಟ್ಟಿಯಿಂದ ಹೊರಗುಳಿದರು. ನಮ್ಮಜ್ಜಿ ಯಜಮಾನರ ಹೆಸರನ್ನು ಸಾಯುವ ತನಕ ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಪಟ್ಟಿ ಬರೆಯಲು ಬಂದ ಶಾನುಭೋಗರಿಗೆ ತಮ್ಮ ಹೆಸರನ್ನು ನಡುಮನೆಯಿಂದಲೇ ಕೂಗಿ ಹೇಳಿದರಂತೆ. ಆ ಕೂಗಿನ ಬೆಲೆ ಈ ಪುಸ್ತಕ ಓದಿದ ಮೇಲೆ ಗೊತ್ತಾಯಿತು.

ಮೈದಾ ಸರಿಯ ಕಾಲ ಮುಗಿಯಿತು, ಮುಗಿಯಲೇಬೇಕಿತ್ತು. ಬೀರುವಿನ ಬೀಗದಕೈ ಯಾರೂ ಕಾಯಬೇಕಿಲ್ಲ. ಸಂವಿಧಾನ ಸಭೆಯ ಚರ್ಚೆಗಳೆಲ್ಲ ಫೋನಿನಲ್ಲೇ ಬಿಟ್ಟಿ ಸಿಗುತ್ತವೆ. ಕನ್ನಡದಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ ‘ಸಂವಿಧಾನ ಓದು’ ಹಳ್ಳಿಹಳ್ಳಿ ತಲುಪಿದೆ. ಆದರೆ ನಮ್ಮವರ ಕಥೆ ಇನ್ನೂ ಬಾಕಿಯಿದೆ. ವೀಣೆಯ ನಾದ ಕೇಳಬೇಕಿದ್ದ ಕಡೆ ಇಂಗ್ಲಿಷ್ ಬ್ಯಾಂಡು ಕೇಳುತ್ತಿದೆ ಎಂದು ಆ ಸಭೆಯಲ್ಲೇ ದೂರಿದ ಕೆಂಗಲ್ ಹನುಮಂತಯ್ಯ, ಮೈಸೂರಿನ ದಿವಾನಗಿರಿ ಮುಗಿಸಿ ಕರಡು ಸಮಿತಿಯಲ್ಲಿ ಕೂತ ಎನ್. ಮಾಧವರಾವ್, ಹಟವಾದಿ ಕಾಮತ್, ಬೆನಗಲ್ ಸೋದರರು: ಇವರನ್ನೆಲ್ಲ ಒಟ್ಟಿಗೆ ತಂದು, ಹೈಸ್ಕೂಲು ಹುಡುಗಿಯೂ ಮಡಚದೆ ಓದುವಂಥ ಒಂದು ಕನ್ನಡ ಪುಸ್ತಕ ಬೇಕು. ನನಗೆ ವಯಸ್ಸಾಯಿತು. ನಿಮ್ಮಲ್ಲಿ ಯಾರಾದರೂ ಬರೆಯಿರಿ.