ದೇಶನೂರು ದ್ವೀಪಕ್ಕೆ ಸೈಕಲ್ ದಾರಿ

ದ್ವೀಪವೊಂದನ್ನು ಸೈಕಲ್ ಮೇಲೆ ಸುತ್ತುವುದು ಸಿರಿವಂತರ ಹವ್ಯಾಸವೆಂದು ಅನೇಕರ ಎಣಿಕೆ. ಮೆಡಿಟರೇನಿಯನ್ ಸಮುದ್ರದಲ್ಲಿ ಸ್ಪೇನ್ ದೇಶಕ್ಕೆ ಸೇರಿದ ಮಯೋರ್ಕಾ ಎಂಬ ದ್ವೀಪವಿದೆ. ಯುರೋಪಿನಲ್ಲಿ ಚಳಿ ಕಳೆಯುತ್ತಿದ್ದಂತೆ ಸೈಕಲ್ ಸವಾರರು ಗುಂಪು ಗುಂಪಾಗಿ ಅಲ್ಲಿಗೆ ಬಂದಿಳಿಯುತ್ತಾರೆ. ಒಂದೆಡೆ ಕಡಲು, ಇನ್ನೊಂದೆಡೆ ಬೆಟ್ಟ, ನಡುವೆ ಬಾದಾಮಿ ಮತ್ತು ಆಲಿವ್ ತೋಟಗಳು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಮಕ್ಕಳಿಗೆ ಅಷ್ಟು ದೂರ ಹೋಗುವ ಅನುಕೂಲ ಇಲ್ಲದಿರಬಹುದು. ಆದರೆ ಅವರ ಮನೆಬಾಗಿಲಿನಿಂದ ಒಂದೇ ದಿನದ ಸೈಕಲ್ ದಾರಿಯಲ್ಲಿ ಬೆಟ್ಟವಿದೆ, ಹೊಳೆಯಿದೆ, ಕೊನೆಗೊಂದು ದ್ವೀಪವೂ ಇದೆ!

ಸೈಕಲ್ಲಿಗೂ ಬರವಿಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ ಎಷ್ಟೋ ಹಳ್ಳಿಮನೆಗಳ ಅಂಗಳಕ್ಕೆ ಸೈಕಲ್ ಬಂದಿತು. ಅದು ಶಾಲೆಗೆ ಹೋಗಿಬರಲಷ್ಟೇ ಎಂದು ಯಾರೂ ಕಟ್ಟಪ್ಪಣೆ ಮಾಡಿಲ್ಲ.

ಪ್ರವಾಸ ತೆಕ್ಕಲಕೋಟೆಯಲ್ಲೇ ಶುರುವಾಗಬೇಕು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಊರಿನ ಬಳಿಯ ಬಂಡೆಗುಡ್ಡಗಳು ಕಿಟಕಿಯಲ್ಲಿ ಕಂಡು ಮರೆಯಾಗುತ್ತವೆ. 1963-64ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪರವಾಗಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಇಲ್ಲಿ ಉತ್ಖನನ ನಡೆಸಿದರು. ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ನವಶಿಲಾಯುಗದ ಜನ ಗುಡ್ಡದ ಮೇಲೆ, ಬಂಡೆಗಳ ನಡುವಿನ ಸಮತಟ್ಟು ಜಾಗದಲ್ಲಿ, ದುಂಡನೆಯ ಗುಡಿಸಲು ಕಟ್ಟಿಕೊಂಡು ಬಾಳಿದ್ದು ಆಗ ಗೊತ್ತಾಯಿತು. ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿ, ಮಡಕೆ, ತಾಮ್ರದ ವಸ್ತು, ಚಿನ್ನದ ಆಭರಣ ದೊರೆತವು. ಹುರುಳಿ ಕಾಳೂ ಸಿಕ್ಕಿತು! ಇಂದಿಗೂ ಈ ಸೀಮೆಯ ಅಡಿಗೆಮನೆಗಳಲ್ಲಿ ಬೇಯುವ ಅದೇ ಹುರುಳಿ. ಅಷ್ಟೇ ಅಲ್ಲ, ಊರಿನ ಬೋಯ ಜನರ ಬದುಕಿನಲ್ಲಿ ಆ ಹಳೆಯ ಕಾಲದ ಕೆಲವು ಪದ್ಧತಿಗಳು ಉಳಿದುಬಂದಿವೆ ಎಂದು ನಾಗರಾಜರಾವ್ 1965ರಲ್ಲಿ ಪ್ರತ್ಯೇಕ ಲೇಖನವನ್ನೇ ಬರೆದರು.

ಗುಡ್ಡ ಇಳಿದು ಪಶ್ಚಿಮಕ್ಕೆ, ತುಂಗಭದ್ರೆಯ ದಿಕ್ಕಿಗೆ ಪೆಡಲ್ ತುಳಿದರೆ ಉಡೇಗೋಳ ಮತ್ತು ನಿಟ್ಟೂರು ಗ್ರಾಮಗಳು. ಎರಡೂ ಕಡೆ ಅಶೋಕ ಚಕ್ರವರ್ತಿಯ ಕಿರು ಬಂಡೆ ಶಾಸನಗಳಿವೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ವಯಸ್ಸು ಎರಡು ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು. ಇವು ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1970ರ ದಶಕದಲ್ಲಿ. ಅಶೋಕನ ಶಾಸನಗಳು ಸಾಮಾನ್ಯವಾಗಿ ಅವನನ್ನು 'ದೇವಾನಾಂಪ್ರಿಯ' ಎಂದಷ್ಟೇ ಕರೆಯುತ್ತವೆ. ಅಶೋಕ ಎಂಬ ಹೆಸರನ್ನೇ ಹೇಳುವ ಶಾಸನಗಳು ಬೆರಳೆಣಿಕೆಯಷ್ಟು. 1915ರಲ್ಲಿ ಪತ್ತೆಯಾದ ರಾಯಚೂರು ಜಿಲ್ಲೆಯ ಮಸ್ಕಿಯದು ಅವುಗಳಲ್ಲಿ ಹೆಸರುವಾಸಿ. ನಿಟ್ಟೂರು, ಉಡೇಗೋಳಗಳೂ ಅದೇ ಸಾಲಿನವು. ಪರೀಕ್ಷೆಗಾಗಿ ಮಸ್ಕಿಯ ಹೆಸರನ್ನು ಬಾಯಿಪಾಠ ಮಾಡುವ ಈ ಭಾಗದ ವಿದ್ಯಾರ್ಥಿಗೆ, ತನ್ನೂರಿನ ಪಕ್ಕದ ಬಂಡೆಯ ಮೇಲೂ ಅದೇ ಹೆಸರಿದೆ ಎಂದು ಗೊತ್ತಿಲ್ಲದಿದ್ದರೆ ತಪ್ಪು ಯಾರದು? ತಂದೆತಾಯಿಯ ಮಾತು ಕೇಳು, ಗುರುಗಳನ್ನು ಗೌರವಿಸು, ಜೀವಿಗಳಲ್ಲಿ ದಯೆಯಿಡು, ಸತ್ಯವನ್ನೇ ನುಡಿ ಎಂಬುದು ಈ ಸೀಮೆಯ ಕಿರು ಶಾಸನಗಳ ಬೋಧೆ. ಮಕ್ಕಳನ್ನು ಕರೆದೊಯ್ದ ಪಾಲಕರಿಗೂ ಮೇಷ್ಟರಿಗೂ ಇದಕ್ಕಿಂತ ಒಳ್ಳೆಯ ಪಾಠದ ಜಾಗ ಬೇರೆಲ್ಲಿ ಸಿಕ್ಕೀತು!

ಅಲ್ಲಿಂದ ಉತ್ತರಕ್ಕೆ ಸಿರುಗುಪ್ಪ. ಹೆಸರಿನ ಅರ್ಥ ಸಿರಿಯ ಕುಪ್ಪೆ, ಅಂದರೆ ಸಂಪತ್ತಿನ ರಾಶಿ. ಸುತ್ತಲಿನ ಒಣಭೂಮಿಯ ನಡುವೆ ಕಾಲುವೆ ನೀರಿನ ಭತ್ತದ ಗದ್ದೆಗಳನ್ನು ಕಂಡವರು ಇಟ್ಟ ಹೆಸರಿರಬೇಕು. ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿದದ್ದು 1953ರಿಂದ. ಆದರೆ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಅದಕ್ಕಿಂತ ಬಹಳ ಹಿಂದಿನ ವಿಜಯನಗರ ಕಾಲದವು.

ಸಿರುಗುಪ್ಪದ ಬಳಿ ತುಂಗಭದ್ರೆ ಎರಡಾಗಿ ಕವಲೊಡೆಯುತ್ತದೆ. ಊರು ನಿಂತಿರುವುದು ಕಿರಿದಾದ ಕವಲಿನ ದಡದಲ್ಲಿ. ಎರಡು ಕವಲುಗಳು ತಬ್ಬಿಕೊಂಡಿರುವ ನೆಲವೇ ದೇಶನೂರು ದ್ವೀಪ. ಉದ್ದ ಆರು ಮೈಲಿ, ಅಂದರೆ ಹತ್ತು ಕಿ.ಮೀ.ಗೆ ಹತ್ತಿರ. ಕಡಲಿನ ಅಬ್ಬರವಿಲ್ಲ, ಆಲಿವ್ ತೋಪಿಲ್ಲ, ನಿಜ. ಹಸಿರು ಗದ್ದೆ, ಬೆಳ್ಳಕ್ಕಿ ಸಾಲು, ಹೊಳೆಯ ಮೇಲಿಂದ ಬೀಸುವ ತಂಗಾಳಿ ಇವೆಯಲ್ಲ! ಬುತ್ತಿ ಬಿಚ್ಚಲು ಅಷ್ಟು ಸಾಲದೆ?

ಹೊರಡುವ ಮುನ್ನ ಕೆಲವು ಮಾತು. ನವೆಂಬರಿನಿಂದ ಜನವರಿಯವರೆಗೆ ಒಳ್ಳೆಯ ಕಾಲ. ಏಪ್ರಿಲ್-ಮೇ ತಿಂಗಳ ಬಳ್ಳಾರಿ ಬಿಸಿಲು ಹುಡುಗಾಟದ್ದಲ್ಲ. ಮಳೆ ಬಿದ್ದ ಮರುದಿನ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ಲನ್ನೇ ಹೊತ್ತು ನಡೆಯಬೇಕಾದೀತು. ಬಳ್ಳಾರಿ ಜಾಲಿಯ ಮುಳ್ಳಿಗೆ ಯಾವ ಟ್ಯೂಬೂ ಲೆಕ್ಕಕ್ಕಿಲ್ಲ. ಪಂಪು, ಪಂಕ್ಚರ್ ಸಾಮಾನು ಜೊತೆಗಿರಲಿ. ಹೆದ್ದಾರಿಯಲ್ಲಿ ಭತ್ತದ ಲಾರಿಗಳ ಓಡಾಟವುಂಟು. ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗಬೇಕು, ಮುಂದೊಬ್ಬರು ಹಿಂದೊಬ್ಬರು ಹಿರಿಯರು ಇರಬೇಕು. ಹೊಳೆಗೆ ಇಳಿಯುವುದು ಬೇಡವೇ ಬೇಡ. ಮಳೆ ಇಲ್ಲಿ ಬೀಳದಿದ್ದರೂ ಮೇಲಿನ ಅಣೆಕಟ್ಟಿನಿಂದ ನೀರು ಬರಬಹುದು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದು ಯಾರಿಗೆ ತಾನೆ ನೆನಪಿಲ್ಲ?

ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಪಾಲಕರು ಕೇಳಬಹುದು. ಬಳ್ಳಾರಿ ನಗರದ ಪಕ್ಕದಲ್ಲೇ ಇರುವ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡಗಳ ಕಥೆ ಅದಕ್ಕೆ ಉತ್ತರ ಹೇಳುತ್ತದೆ. ನವಶಿಲಾಯುಗದವರ ಗೂಳಿ ಚಿತ್ರಗಳೂ, ಬಡಿದರೆ ಗಂಟೆಯಂತೆ ನಾದ ಹೊಮ್ಮಿಸುವ ಬಂಡೆಗಳೂ ಅಲ್ಲಿವೆ. ಆದರೂ ಕಲ್ಲುಗಣಿಗಾರಿಕೆ ಆ ಗುಡ್ಡಗಳ ಒಂದಿಷ್ಟು ಭಾಗವನ್ನು ತಿಂದುಹಾಕಿತು. ಕಲ್ಲು ಒಡೆಯುವವನಿಗೆ ಎಲ್ಲ ಬಂಡೆಯೂ ಒಂದೇ; ಅವುಗಳಲ್ಲಿ ವ್ಯತ್ಯಾಸವಿದೆ ಎಂದು ಹೇಳಬೇಕಾದವರು ಊರಿನವರು. ಹೇಳಬೇಕಾದರೆ ಮೊದಲು ನೋಡಿರಬೇಕು. ಬಸ್ಸಿನ ಕಿಟಕಿಯಲ್ಲಿ ಕಂಡದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಬೆವರು ಸುರಿಸಿ ಸೈಕಲ್ ತುಳಿದು, ಗುಡ್ಡ ಹತ್ತಿ, ಬಂಡೆಯ ನೆರಳಲ್ಲಿ ಕೂತು ನೀರು ಕುಡಿದವರಿಗೆ ಆ ಗುಡ್ಡ ತಮ್ಮದಾಗುತ್ತದೆ.

ಮುಂದಿನ ರಜೆಗೆ ಅಂಗಳದ ಸೈಕಲ್ಲಿಗೆ ಗಾಳಿ ತುಂಬಿಸಿಡಿ. ದ್ವೀಪ ದೂರವೇನಿಲ್ಲ.