ಬೆಲ್ಲದ ನಾಡಿನಲ್ಲಿ ನಾಡಿಯ ಲೆಕ್ಕ

ಜನವರಿ 10, ಬನಹಟ್ಟಿ

ಬೆಂಗಳೂರಿನ ಲ್ಯಾಬಿನ ವರದಿ ಬಂತು. ಮೂಗು-ಬಾಯಿಗೆ ಮುಖವಾಡ ಬಿಗಿದು, ನಿಂತಲ್ಲೇ ಸೈಕಲ್ ತುಳಿಸಿ, ಕೆಲವು ನಿಮಿಷಕ್ಕೊಮ್ಮೆ ಭಾರ ಏರಿಸುತ್ತ ಹೋದ ಪರೀಕ್ಷೆ. ಎಲ್ಲರೂ ಕೇಳುವುದು ‘ವಿಒ2 ಮ್ಯಾಕ್ಸ್ ಎಷ್ಟು?’ ಅಂತ. ಮೈ ಬಳಸಬಲ್ಲ ಗರಿಷ್ಠ ಆಮ್ಲಜನಕದ ಆ ಅಂಕಿ ಹೇಳಿಕೊಂಡು ತಿರುಗಾಡಲು ಚೆಂದ. ನನಗೆ ಬೇಕಾದದ್ದು ಮೂರನೇ ಪುಟದ ಗೆರೆ: ಬಳಸಿದ ಆಮ್ಲಜನಕಕ್ಕೆ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಎಷ್ಟು ಎಂಬ ಅನುಪಾತ. 0.7ರ ಆಸುಪಾಸಿನಲ್ಲಿದ್ದರೆ ಮೈ ಕೊಬ್ಬು ಉರಿಸುತ್ತಿದೆ, 1.0 ಮುಟ್ಟಿದರೆ ಬರೀ ಸಕ್ಕರೆ. ನನ್ನದು ನಾಡಿ 136 ದಾಟಿದೊಡನೆ ಸರಸರ ಏರುತ್ತದೆ.

ಮೈಯಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 500 ಗ್ರಾಂ, ಅಂದರೆ 2000 ಕ್ಯಾಲೊರಿ. ಗೋವಾದಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3ಕ್ಕೆ ಹೋಗಬೇಕೆಂದಿದ್ದೇನೆ. 1.9 ಕಿ.ಮೀ. ಈಜು, 90 ಸೈಕಲ್, 21.1 ಓಟ. ಆ ಗಂಟಿನಲ್ಲಿ ಅಷ್ಟು ದೂರ ಸಾಗದು.

ಜನವರಿ 14

ಸಂಕ್ರಾಂತಿ. ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ. ಮಹಾಲಿಂಗಪುರದ ಬೆಲ್ಲ ಕೈಯಲ್ಲಿ ಹಿಡಿದು ಯೋಚಿಸಿದೆ: ಇದರ ಬಹುಪಾಲು ಸುಕ್ರೋಸ್, ಕರುಳಿನಲ್ಲಿ ಗ್ಲೂಕೋಸು-ಫ್ರಕ್ಟೋಸುಗಳಾಗಿ ಒಡೆಯುವಂಥದು. ಗ್ಲೂಕೋಸನ್ನು ಕರುಳು ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಸೆಳೆದುಕೊಳ್ಳುತ್ತದೆ. ಫ್ರಕ್ಟೋಸಿಗೆ ದಾರಿ ಬೇರೆ, ಹಾಗಾಗಿ ಎರಡೂ ಕೂಡಿದರೆ 90ರವರೆಗೆ ಹೋಗಬಹುದು. ಪರದೇಶದ ಜೆಲ್ಲಿನ ಪೊಟ್ಟಣದಲ್ಲಿ ಮಾರುವುದೂ ಇದೇ ಜೋಡಿ. ಬೆಲ್ಲ, ಉಪ್ಪು, ನಿಂಬೆರಸದ ಬಾಟಲಿ ಸಾಕು.

ಜನವರಿ 18

ಜಮಖಂಡಿಯಿಂದ ಮುಧೋಳಕ್ಕೆ. ಕಬ್ಬು ನುರಿಸುವ ಹಂಗಾಮು; ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು, ಕಿವಿ ಹರಿಯುವ ಹಾಡು. ಅಳಿಯ ಜೊತೆಗಿದ್ದ. ವಿಜಯಪುರದ ಕ್ರೀಡಾ ವಸತಿ ನಿಲಯದಲ್ಲಿ ಸೈಕಲ್ ಕಲಿತ ಹುಡುಗ, ಮುಂದಿನ ಗಾಲಿ ಕಂಡರೆ ಹಿಂದೆ ಹಾಕಲೇಬೇಕು.

“ಏನ್ರಿ ಮಾಮಾ, ಎತ್ತಿನ ಗಾಡಿ ಹೊಂಟಂಗ ಹೊಂಟೀರಿ!”

“136 ದಾಟೂದಿಲ್ಲಪಾ. ನೀ ಮುಂದ ನಡಿ.”

ಮುಧೋಳದ ಚಹದಂಗಡಿಯಲ್ಲಿ ಕಾಯುತ್ತ ಕುಳಿತಿದ್ದ. ನಕ್ಕ. ನಗಲಿ. ಪೈಲ್ವಾನರ ಊರುಗಳಿವು, ಬೆವರು ಸುರಿಯದ್ದನ್ನು ಇಲ್ಲಿ ಯಾರೂ ತಾಲೀಮು ಅನ್ನುವುದಿಲ್ಲ. ಆದರೆ ಕೊಬ್ಬು ಉರಿಸುವ ಶಕ್ತಿ ಹೆಚ್ಚಾಗಿ ಬೆಳೆಯುವುದು ಇಂಥ ನಿಧಾನದ ದೀರ್ಘ ಸವಾರಿಯಲ್ಲಿ. ವಾರದಲ್ಲಿ ಒಂದೆರಡು ಸಲ ಬಿರುಸು ಸಾಕು.

ಫೆಬ್ರವರಿ 8

ಈಜಿನ ಪ್ರಶ್ನೆ. ಚಿಕ್ಕಪಡಸಲಗಿಯಲ್ಲಿ ರೈತರೇ 1989ರಲ್ಲಿ ಕಟ್ಟಿದ ಬ್ಯಾರೇಜಿನ ಹಿನ್ನೀರು ಕಣ್ಣಿಗೆ ತಂಪು, ಆದರೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ತೋಟದ ಬಾವಿಯಲ್ಲೇ ಸುತ್ತು ಹಾಕುತ್ತೇನೆ. ಸೈಕಲ್ ಮೇಲೆ ಸಿಕ್ಕ ಅಂಕಿ ನೀರಿನಲ್ಲಿ ನಡೆಯದು: ಮೈ ಅಡ್ಡಲಾಗಿರುವುದರಿಂದ ನಾಡಿ ಕೆಳಗೇ ಇರುತ್ತದೆ. ಓಟದಲ್ಲಿ ಸಾಮಾನ್ಯವಾಗಿ ಮೇಲೆ. ಒಂದು ವರದಿಯಿಂದ ಮೂರು ಆಟ ನಡೆಸಬಹುದೆಂದು ಮಾರುವವರನ್ನು ನಂಬಬಾರದು.

ಮಾರ್ಚ್ 15

ಬೀಳಗಿ ರಸ್ತೆ, ಹನ್ನೊಂದರ ಬಿಸಿಲು. ವೇಗ ಬೆಳಗಿನದೇ, ನಾಡಿ ಮಾತ್ರ 150. ಬೆವರಿನಲ್ಲಿ ರಕ್ತದ ನೀರಿನಂಶ ಇಳಿಯುತ್ತದೆ, ಉಳಿದ ರಕ್ತಕ್ಕೆ ಚರ್ಮ ತಂಪಾಗಿಸುವ ಕೆಲಸವೂ ಬೀಳುತ್ತದೆ. ಒಂದೊಂದು ಬಡಿತಕ್ಕೆ ಕಡಿಮೆ ರಕ್ತ, ಹಾಗಾಗಿ ಬಡಿತ ಹೆಚ್ಚು. ಎ.ಸಿ. ಕೋಣೆಯ ವರದಿಗೆ ಈ ರಸ್ತೆ ಗೊತ್ತಿಲ್ಲ. ನಾಳೆಯಿಂದ ನಸುಕಿನಲ್ಲೇ ಹೊರಡುವುದು.

ಸಂಜೆ ಅಳಿಯ ಬಂದ. “ಮಾಮಾ, ನಾನೂ ಟೆಸ್ಟ್ ಮಾಡಸ್ಲೇನ್ರಿ?” ನಗು ಇರಲಿಲ್ಲ.

ಒಬ್ಬನೇ ಅರ್ಧ ಗಂಟೆ ಶಕ್ತಿಮೀರಿ ತುಳಿ, ಕೊನೆಯ 20 ನಿಮಿಷದ ಸರಾಸರಿ ನಾಡಿ ಬರೆದಿಡು, ಅದು ನಿನ್ನ ಮೇಲಿನ ಗೆರೆಗೆ, ಅಂದರೆ ತಾಳಿಕೊಂಡು ತುಳಿಯಬಲ್ಲ ಬಿರುಸಿನ ಮಿತಿಗೆ, ಹತ್ತಿರ ಇರುತ್ತದೆ ಅಂದೆ. ಪೂರಾ ವಾಕ್ಯ ಮಾತಾಡುತ್ತ ತುಳಿಯಲು ಆಗುವಷ್ಟರ ನಾಡಿಯೇ ಕೆಳಗಿನ ಗೆರೆ, ನನ್ನ 136ರಂತೆ. ಎರಡು ತಿಂಗಳಿಗೊಮ್ಮೆ ಮತ್ತೆ ನೋಡು. ಬೆಂಗಳೂರಿಗೆ ಹೋಗುವ ರೊಕ್ಕದಲ್ಲಿ ಮೊದಲು ನಾಡಿ ಅಳೆಯುವ ಎದೆಪಟ್ಟಿ ಕೊಂಡುಕೊ, ಲ್ಯಾಬ್ ಆಮೇಲೆ.